ಬರೆದು ಕೊಡುವ ವೈದ್ಯರು ಎಲ್ಲಿದ್ದಾರೆ?

ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಆಸ್ಪತ್ರೆಯಲ್ಲಿ ಏನೋ ಎಡವಟ್ಟಾಗಿ ಮನೆಯವರೊಬ್ಬರನ್ನು ಕಳೆದುಕೊಂಡ ಜನ ವಕೀಲರಿಗಿಂತ ಮೊದಲು ಗುರುತಿನ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಡಿಸ್ಚಾರ್ಜ್ ಸಮ್ಮರಿ, ರಕ್ತಪರೀಕ್ಷೆಯ ಚೀಟಿ, ಔಷಧಿ ಅಂಗಡಿಯ ಬಿಲ್ಲು. ಡಾಕ್ಟರು ಒಂದೊಂದೇ ಹಾಳೆ ತಿರುವಿ ನೋಡುತ್ತಾರೆ, ಒಂದು ಕಡೆ ನಿಲ್ಲುತ್ತಾರೆ, "ಇಷ್ಟೊತ್ತಿಗೆ ಬಳ್ಳಾರಿಗೆ ಕಳಿಸಬೇಕಿತ್ತು" ಎಂದೂ ಹೇಳುತ್ತಾರೆ. ಅದನ್ನೇ ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕಿ ಕೊಡಿ ಸಾರ್ ಎಂದರೆ ಉತ್ತರ ಒಂದೇ: "ಬಾಯಾಗ ಹೇಳ್ತೀನಿ, ಬರದು ಕೊಡಂಗಿಲ್ಲ."

ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳ ಇಡೀ ಇತಿಹಾಸ ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿದೆ. ನ್ಯಾಯಾಲಯಕ್ಕೆ ಬೇಕಾದದ್ದು ಬರೆದದ್ದು. ಜನಕ್ಕೆ ಸಿಗುವುದು ಬಾಯಲ್ಲಿ ಹೇಳಿದ್ದು. ತಜ್ಞ ವೈದ್ಯರ ಅಭಿಪ್ರಾಯ, ಅದೂ ಅಫಿಡವಿಟ್ ರೂಪದಲ್ಲಿ, ಇಲ್ಲದೆ ದೂರು ಕೊಡಬಹುದೇ? ಕೊಟ್ಟರೆ ನಿಲ್ಲುತ್ತದೆಯೇ? ಅದನ್ನು ತರುವ ಹೊಣೆ ಯಾರದು? ಮೂರು ದಶಕಗಳಿಂದ ಸುಪ್ರೀಂ ಕೋರ್ಟು ಈ ಪ್ರಶ್ನೆಗಳಿಗೆ ಉತ್ತರ ಕೊಡುತ್ತ, ತಿದ್ದುತ್ತ ಬಂದಿದೆ. ಆ ಉತ್ತರಗಳು ನಮ್ಮ ಊರುಗಳ ಮಟ್ಟದಲ್ಲಿ ಏನಾಗುತ್ತವೆ ಎನ್ನುವುದೇ ಇಲ್ಲಿ ನನ್ನ ಚಿಂತೆ.

ಮೊದಲಿಗೆ ಒಂದು ಪದದ ಮಾತು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹತ್ತೋ ಇಪ್ಪತ್ತೋ ಹಾಸಿಗೆಯ ಖಾಸಗಿ ಆಸ್ಪತ್ರೆ. ಹೆರಿಗೆ, ಅಪೆಂಡಿಕ್ಸ್, ಹರ್ನಿಯಾ, ಹಾವು ಕಡಿದದ್ದು ಎಲ್ಲವೂ ಬರುವ ಜಾಗ. ಅಮೆರಿಕದಲ್ಲಿ ಅದೇ ಹೆಸರು ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ಇಟ್ಟು ನೋಡಿಕೊಳ್ಳುವ ಸಂಸ್ಥೆಗೆ ಸಲ್ಲುತ್ತದೆ. ಅಲ್ಲಿನ ಮೊಕದ್ದಮೆಗಳು ಬೆನ್ನಿಗೆ ಎದ್ದ ಹುಣ್ಣು, ರಾತ್ರಿ ಮಂಚದಿಂದ ಬಿದ್ದು ಮುರಿದ ಸೊಂಟ, ತಪ್ಪಿ ಕೊಟ್ಟ ಮಾತ್ರೆಯವು. ಅಂಥ ದಾವೆ ಹೂಡುವವರು ಬಾಗಿಲಲ್ಲೇ ತಜ್ಞರ ಅಫಿಡವಿಟ್ ತೋರಿಸಬೇಕು ಎಂಬ ಕಾನೂನು ಹಲವು ರಾಜ್ಯಗಳಲ್ಲಿದೆ. ಜಾರ್ಜಿಯಾ 1987ರಲ್ಲೇ ಅದನ್ನು ತಂದಿತು: ದಾವೆಯ ಜೊತೆಗೇ, ಕನಿಷ್ಠ ಒಂದು ನಿರ್ಲಕ್ಷ್ಯದ ಕೃತ್ಯವನ್ನಾದರೂ ಹೆಸರಿಸಿ, ಅದೇ ಕ್ಷೇತ್ರದ ಪರಿಣತರು ಪ್ರಮಾಣ ಮಾಡಿ ಬರೆದಿರಬೇಕು. ಟೆಕ್ಸಾಸ್‌ನಲ್ಲಿ ಪ್ರತಿವಾದಿ ಉತ್ತರ ಸಲ್ಲಿಸಿದ 120 ದಿನಗಳೊಳಗೆ ತಜ್ಞರ ವರದಿ ಕೊಡದಿದ್ದರೆ ದಾವೆ ವಜಾ, ಮೇಲೆ ಎದುರಾಳಿಯ ವಕೀಲರ ಖರ್ಚೂ ತಲೆಗೆ. ಸುಳ್ಳು ದಾವೆಗಳನ್ನು ಶುರುವಿನಲ್ಲೇ ಸೋಸುವುದು ಉದ್ದೇಶ. ಆದರೆ ಆಸ್ಪತ್ರೆಯ ದಾಖಲೆ ಕೈಗೆ ಸಿಗುವ ಮೊದಲೇ ತಜ್ಞರ ಮಾತು ತರಬೇಕೆನ್ನುವುದು ಕೋರ್ಟಿನ ಬಾಗಿಲು ಮುಚ್ಚಿದಂತೆ ಎಂದು ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟು 2009ರಲ್ಲಿ ತನ್ನ ರಾಜ್ಯದ ಇಂಥ ಕಾನೂನನ್ನು ರದ್ದು ಮಾಡಿತು. ಓಕ್ಲಹೋಮಾ ಅದಕ್ಕೂ ಮೊದಲೇ, 2006ರಲ್ಲಿ, ರದ್ದು ಮಾಡಿತ್ತು.

ಜಾರ್ಜಿಯಾದ ಕೋರ್ಟುಗಳು ಮಾಡುವ ಒಂದು ವಿಂಗಡಣೆ ನಮಗೂ ಉಪಯೋಗಕ್ಕೆ ಬರುತ್ತದೆ. ಯಾವ ರೋಗಿಗೆ ಎಷ್ಟು ಕಾವಲು ಬೇಕು ಎಂದು ನರ್ಸ್ ತೆಗೆದುಕೊಂಡ ತೀರ್ಮಾನ ವೃತ್ತಿಪರ ವಿವೇಚನೆ. ಅದು ತಪ್ಪು ಎನ್ನಲು ತಜ್ಞರು ಬೇಕು. ರೋಗಿಯನ್ನು ಎತ್ತುವಾಗ ಆಯಾ ಕೈಬಿಟ್ಟು ಕೆಡವಿದರೆ ಅದಕ್ಕೆ ತಜ್ಞರೇಕೆ? ಕಣ್ಣಿದ್ದವರಿಗೆಲ್ಲ ಕಾಣುತ್ತದೆ.

ನಮ್ಮ ಸುಪ್ರೀಂ ಕೋರ್ಟು ಹೆಚ್ಚುಕಡಿಮೆ ಇದೇ ಮಾತನ್ನು 1995ರ ನವೆಂಬರಿನಲ್ಲಿ ಹೇಳಿತ್ತು. ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಿನ ಪ್ರಕರಣ ಅದು. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ಅರ್ಥದಲ್ಲಿ ಸೇವೆ ಎಂದು ತೀರ್ಪಾಯಿತು. ವೈದ್ಯರ ವಿರುದ್ಧ ಗ್ರಾಹಕ ವೇದಿಕೆಯ ಬಾಗಿಲು ತೆರೆಯಿತು. ವೈದ್ಯಕೀಯದ ಜಟಿಲ ವಿಷಯಗಳು ಗ್ರಾಹಕ ವೇದಿಕೆಯ ಸದಸ್ಯರಿಗೆ ಹೇಗೆ ಅರ್ಥವಾಗಬೇಕು ಎಂದು ವೈದ್ಯರ ಪರ ವಾದ ಬಂದಾಗ ನ್ಯಾಯಪೀಠ ಕೆಲವು ಉದಾಹರಣೆ ಕೊಟ್ಟಿತು: ಒಂದು ಕಾಲಿನ ಬದಲು ಇನ್ನೊಂದು ಕಾಲು ತೆಗೆದದ್ದು, ರೋಗಿಯ ಚೀಟಿಯಲ್ಲೇ ಅಲರ್ಜಿ ಎಂದು ಬರೆದಿದ್ದರೂ ಅದೇ ಔಷಧ ಚುಚ್ಚಿದ್ದು, ಅರಿವಳಿಕೆಗೆ ತಪ್ಪು ಅನಿಲ ಬಿಟ್ಟದ್ದು, ಹೊಟ್ಟೆಯೊಳಗೆ ಬಟ್ಟೆ ಬಿಟ್ಟು ಹೊಲಿದದ್ದು. ಇವನ್ನು ನಿರ್ಧರಿಸಲು ಉದ್ದುದ್ದ ಸಾಕ್ಷ್ಯ ಬೇಕಿಲ್ಲ. ನಿಜಕ್ಕೂ ಜಟಿಲವಾದದ್ದು ಬಂದರೆ ಸಿವಿಲ್ ಕೋರ್ಟಿಗೆ ಕಳಿಸಬಹುದು.

2002ರಲ್ಲಿ ಡಾ. ಜೆ.ಜೆ. ಮರ್ಚೆಂಟ್ ಪ್ರಕರಣದಲ್ಲಿ ಇನ್ನೊಂದು ತೊಡಕು ಬಿಡಿಸಿದರು. ತಜ್ಞರ ಸಾಕ್ಷ್ಯ ಬೇಕಾದಾಗ ಅದನ್ನು ಅಫಿಡವಿಟ್ ಮೂಲಕವೇ ತೆಗೆದುಕೊಳ್ಳಬಹುದು. ಪಾಟೀಸವಾಲು ಮಾಡಲೇಬೇಕೆಂದರೆ ಪ್ರಶ್ನೆಗಳನ್ನು ಬರೆದು ಕಳಿಸಬಹುದು, ದೂರವಾಣಿಯಲ್ಲೋ ವಿಡಿಯೋದಲ್ಲೋ ಕೇಳಬಹುದು, ಕಮಿಷನರನ್ನು ನೇಮಿಸಬಹುದು. ಇವತ್ತಿನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ದೂರುಗಳನ್ನು ಅಫಿಡವಿಟ್ ಮತ್ತು ದಾಖಲೆಗಳ ಮೇಲೆಯೇ ತೀರ್ಮಾನಿಸಬೇಕು ಎನ್ನುತ್ತದೆ. ಬಿಡುವಿಲ್ಲದ ಸರ್ಜನ್ ಒಬ್ಬರು ಇಡೀ ದಿನ ಕೋರ್ಟಿನ ಜಗಲಿಯಲ್ಲಿ ಕೂರಬೇಕಾದ ಭಯ ಇದರಿಂದ ಹೋಗಬೇಕಿತ್ತು. ಸಹಿ ಹಾಕುವ ಭಯ ಹೋಗಲಿಲ್ಲ.

2009ರ ಫೆಬ್ರುವರಿಯಲ್ಲಿ ಗಾಳಿ ತಿರುಗಿತು. ಮಾರ್ಟಿನ್ ಡಿಸೋಜಾ ಪ್ರಕರಣ. ಮೂತ್ರಪಿಂಡ ಕೆಟ್ಟ ರೋಗಿಯೊಬ್ಬರಿಗೆ ಅಮಿಕಾಸಿನ್ ಕೊಟ್ಟು ಕಿವಿ ಹೋಯಿತು ಎಂಬ ದೂರು. ವೈದ್ಯರ ಪರ ತೀರ್ಪು ಕೊಡುತ್ತ ಇಬ್ಬರು ನ್ಯಾಯಮೂರ್ತಿಗಳ ಪೀಠ ಒಂದು ಸಾಮಾನ್ಯ ನಿರ್ದೇಶನವನ್ನೂ ಸೇರಿಸಿತು: ಗ್ರಾಹಕ ವೇದಿಕೆಯಾಗಲಿ ಕ್ರಿಮಿನಲ್ ಕೋರ್ಟಾಗಲಿ, ದೂರು ಬಂದ ಕೂಡಲೇ ಅದನ್ನು ಆ ಕ್ಷೇತ್ರದ ವೈದ್ಯರಿಗೋ ವೈದ್ಯರ ಸಮಿತಿಗೋ ಕಳಿಸಬೇಕು, ಮೇಲ್ನೋಟಕ್ಕೆ ನಿರ್ಲಕ್ಷ್ಯ ಇದೆ ಎಂದು ಅವರು ಹೇಳಿದ ಮೇಲೆಯೇ ಎದುರು ಪಕ್ಷಕ್ಕೆ ನೋಟಿಸ್. ಅಮೆರಿಕದ ಬಾಗಿಲ ಅಫಿಡವಿಟ್ಟು ಬೇರೆ ವೇಷದಲ್ಲಿ ನಮ್ಮಲ್ಲಿಗೂ ಬಂದುಬಿಟ್ಟಿತ್ತು.

ಅದು ಹೆಚ್ಚು ದಿನ ನಿಲ್ಲಲಿಲ್ಲ. ಅದನ್ನು ಕೆಡವಿದ ಪ್ರಕರಣದ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ತುಂಗಭದ್ರೆಯ ಕಾಲುವೆ, ಭತ್ತದ ಗದ್ದೆ, ನಿಂತ ನೀರು, ಸೊಳ್ಳೆ ಬಲ್ಲ ನಮ್ಮ ಕಡೆಯವರಿಗೆ ಅದು ಬೇಗ ಅರ್ಥವಾಗುತ್ತದೆ. ವಿ. ಕಿಷನ್ ರಾವ್ ಆಂಧ್ರದ ಮಲೇರಿಯಾ ಇಲಾಖೆಯ ಅಧಿಕಾರಿ. 2002ರ ಜುಲೈನಲ್ಲಿ ಅವರ ಹೆಂಡತಿಗೆ ಬಿಟ್ಟು ಬಿಟ್ಟು ಜ್ವರ, ಚಳಿ. ಹೈದರಾಬಾದಿನ ಒಂದು ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಟೈಫಾಯ್ಡ್ ಎಂದು ಔಷಧ ಕೊಟ್ಟರು. ನಾಲ್ಕೇ ದಿನದಲ್ಲಿ ನಾಡಿಯೂ ಸಿಗದ ಸ್ಥಿತಿಯಲ್ಲಿ ಅವರನ್ನು ಇನ್ನೊಂದು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿನ ರಕ್ತಲೇಪನ ಪರೀಕ್ಷೆ ಮಲೇರಿಯಾ ಎಂದಿತು. ವಿಡಾಲ್ ಪರೀಕ್ಷೆ ಟೈಫಾಯ್ಡ್ ಅಲ್ಲ ಎಂದಿತು. ಅವರು ಉಳಿಯಲಿಲ್ಲ. ಜಿಲ್ಲಾ ವೇದಿಕೆ 2 ಲಕ್ಷ ರೂಪಾಯಿ ಪರಿಹಾರ ಮತ್ತು 10,000 ರೂಪಾಯಿ ಮರುಪಾವತಿಗೆ ಆದೇಶಿಸಿತು. ರಾಜ್ಯ ಗ್ರಾಹಕ ಆಯೋಗ ಅದನ್ನು ಹೊಡೆದುಹಾಕಿತು. ಕಾರಣ: ದೂರುದಾರ ತಜ್ಞರ ಅಭಿಪ್ರಾಯ ತಂದಿಲ್ಲ. ರಾಷ್ಟ್ರೀಯ ಆಯೋಗವೂ ಅದನ್ನೇ ಎತ್ತಿಹಿಡಿಯಿತು.

ಸುಪ್ರೀಂ ಕೋರ್ಟು 2010ರ ಮಾರ್ಚ್ 8ರಂದು ಜಿಲ್ಲಾ ವೇದಿಕೆಯ ಆದೇಶವನ್ನು ಮತ್ತೆ ಜೀವಂತಗೊಳಿಸಿತು. ಮೊದಲ ಆಸ್ಪತ್ರೆಯ ಪರವಾಗಿ ಸಾಕ್ಷಿ ನುಡಿದ ವೈದ್ಯರೇ ತಾನು ಮಲೇರಿಯಾಕ್ಕೆ ಚಿಕಿತ್ಸೆ ಕೊಟ್ಟಿಲ್ಲ ಎಂದು ಹೇಳಿದ್ದಾರೆ. ಎರಡನೆಯ ಆಸ್ಪತ್ರೆಯ ವರದಿ ಅದು ಮಲೇರಿಯಾ ಎನ್ನುತ್ತಿದೆ. ಇನ್ನು ತಜ್ಞರು ಬಂದು ಹೇಳಬೇಕಾದದ್ದು ಏನು ಉಳಿದಿದೆ? ಎಲ್ಲ ಪ್ರಕರಣಗಳಿಗೂ ತಜ್ಞರ ಅಭಿಪ್ರಾಯ ಕಡ್ಡಾಯ ಮಾಡಿದರೆ ಗ್ರಾಹಕ ಕಾನೂನಿನ ಪರಿಹಾರ ಕೈಗೆಟುಕದೆ ಹೋಗುತ್ತದೆ ಎಂಬುದು ಆ ತೀರ್ಪಿನ ಸಾರ. ಡಿಸೋಜಾ ತೀರ್ಪಿನ ಸಾಮಾನ್ಯ ನಿರ್ದೇಶನ ಮೂವರು ನ್ಯಾಯಮೂರ್ತಿಗಳು ಕೊಟ್ಟ ಹಿಂದಿನ ತೀರ್ಪುಗಳಿಗೆ ವಿರುದ್ಧವಾಗಿದೆ, ಹಾಗಾಗಿ ಅದು ಕಟ್ಟುಪಾಡಾಗದು ಎಂದೂ ಸ್ಪಷ್ಟವಾಯಿತು. ತಜ್ಞರು ಬೇಕೋ ಬೇಡವೋ ಎನ್ನುವುದನ್ನು ಆಯಾ ಪ್ರಕರಣ ನೋಡಿ ಆಯೋಗವೇ ತೀರ್ಮಾನಿಸಬೇಕು.

ಪುಸ್ತಕದಲ್ಲಿ ಇವತ್ತಿಗೂ ಇದೇ ಕಾನೂನು. ಆದರೆ ಗ್ರಾಹಕ ಆಯೋಗಗಳ ತೀರ್ಪು ಓದುತ್ತ ಹೋದರೆ "ದೂರುದಾರರು ಯಾವುದೇ ತಜ್ಞರ ಅಭಿಪ್ರಾಯ ಹಾಜರುಪಡಿಸಿಲ್ಲ" ಎಂಬ ಸಾಲು ಮತ್ತೆ ಮತ್ತೆ ಎದುರಾಗುತ್ತದೆ. ಮುಂಬಾಗಿಲಲ್ಲಿ ತೆಗೆದ ಚಿಲಕ ಒಳಕೋಣೆಗೆ ಹೋಗಿ ಕೂತಿದೆ. ಇದಕ್ಕೆ ಸುಪ್ರೀಂ ಕೋರ್ಟಿನ ಈಚಿನ ತೀರ್ಪುಗಳ ಒತ್ತೂ ಇದೆ. 2021ರಲ್ಲಿ ಡಾ. ಹರೀಶ್ ಕುಮಾರ್ ಖುರಾನಾ ಪ್ರಕರಣದಲ್ಲಿ ನಮ್ಮ ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಬರೆದ ತೀರ್ಪು, ಶಸ್ತ್ರಚಿಕಿತ್ಸೆ ವೇಳೆ ರೋಗಿ ತೀರಿಕೊಂಡ ಮಾತ್ರಕ್ಕೆ ನಿರ್ಲಕ್ಷ್ಯ ಎಂದು ತಾನಾಗಿ ಊಹಿಸಲಾಗದು, ವೈದ್ಯಕೀಯ ಸಾಕ್ಷ್ಯ ಬೇಕು ಎಂದಿತು. ಆ ಮಾತಿನಲ್ಲಿ ತಪ್ಪಿಲ್ಲ. ಸಾವು ಬೇರೆ, ನಿರ್ಲಕ್ಷ್ಯ ಬೇರೆ. ಅರಿವಳಿಕೆ ಕೊಟ್ಟಾಗ ಹೃದಯ ನಿಂತದ್ದು ಯಾಕೆಂದು ಹೇಳಲು ನನಗೂ ನಿಮಗೂ ಬರುವುದಿಲ್ಲ. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ತಜ್ಞರು ಬೇಕು ಎಂದ ಮೇಲೆ ಅವರನ್ನು ತರಬೇಕಾದವರು ಯಾರು?

2019ರ ಗ್ರಾಹಕ ಕಾಯ್ದೆಯನ್ನೇ ತೆರೆದು ನೋಡಿ. ಕೊಂಡ ವಸ್ತುವಿನಲ್ಲಿ ದೋಷವಿದೆ, ಪರೀಕ್ಷೆ ಮಾಡದೆ ಗೊತ್ತಾಗದು ಎಂದಾದರೆ ಜಿಲ್ಲಾ ಆಯೋಗವೇ ಅದನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಿಕೊಳ್ಳುವ ವಿವರವಾದ ಕ್ರಮ 38ನೇ ಕಲಮಿನಲ್ಲಿದೆ. ಮಾದರಿಗೆ ಮೊಹರು ಹೇಗೆ ಹಾಕಬೇಕು, ವರದಿ ಎಷ್ಟು ದಿನಕ್ಕೆ ಬರಬೇಕು ಎಲ್ಲವೂ ಇದೆ. ಸೇವೆಯ ದೋಷಕ್ಕೆ ಅಂಥ ಕ್ರಮ ಬರೆದಿಲ್ಲ. ಅಡುಗೆ ಎಣ್ಣೆಗೆ, ಪಂಪ್‌ಸೆಟ್ಟಿಗೆ ಇರುವ ದಾರಿ ಶಸ್ತ್ರಚಿಕಿತ್ಸೆಗೆ ಇಲ್ಲ. ಈ ಖಾಲಿ ಜಾಗವೇ ದೂರುದಾರರ ಹೆಗಲ ಮೇಲಿನ ಹೊರೆ.

ಆ ವಸ್ತುಗಳ ಸಾಲಿನಲ್ಲೇ ಕಂಪ್ಲಿಯ ರೈತರಿಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವಿದೆ: ಬೀಜ. ದೋಷದ ಬೀಜಕ್ಕೆ ಪರಿಹಾರ ಕೇಳಿದ ಆಂಧ್ರದ ರೈತರ ಎದುರು ರಾಷ್ಟ್ರೀಯ ಬೀಜ ನಿಗಮ, ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸದೆ ದೋಷ ಸಾಬೀತಾಗದು ಎಂದು ವಾದಿಸಿತು. ಮಧುಸೂದನ ರೆಡ್ಡಿ ಪ್ರಕರಣದಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಉತ್ತರ ನೇರವಾಗಿತ್ತು. ರೈತ ತಂದ ಬೀಜವನ್ನೆಲ್ಲ ಬಿತ್ತುತ್ತಾನೆ. ಮುಂದೆ ಕೇಸು ಹಾಕಬೇಕಾದೀತು ಎಂದು ಒಂದು ಹಿಡಿ ಎತ್ತಿಡುವುದಿಲ್ಲ. ಮಾದರಿ ಇರುವುದು ಕಂಪನಿಯ ಬಳಿ. ಬೇಕಿದ್ದರೆ ಅವರೇ ಪರೀಕ್ಷೆ ಮಾಡಿಸಿ ತೋರಿಸಲಿ. ಕೃಷಿ ಅಧಿಕಾರಿ ಹೊಲಕ್ಕೆ ಬಂದು ಬರೆದ ವರದಿ ಸಾಕು.

ಇದೇ ನ್ಯಾಯವನ್ನು ಆಸ್ಪತ್ರೆಗೆ ಹಚ್ಚಿ ನೋಡಬೇಕು. ಅರಿವು ತಪ್ಪಿದ ಮನುಷ್ಯನ ಸುತ್ತ ಮುಚ್ಚಿದ ಬಾಗಿಲ ಹಿಂದೆ ಏನು ನಡೆಯಿತು ಎನ್ನುವುದರ ಮಾದರಿ ಯಾರ ಬಳಿ ಇದೆ? ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಣ್ಣನ ಬಳಿಯಲ್ಲ. 2004ರಲ್ಲಿ ಸವಿತಾ ಗಾರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿದೆ. ದೂರುದಾರರು ಮೊದಲ ಹೊರೆ ಇಳಿಸಿ, ನಿರ್ಲಕ್ಷ್ಯದ ಒಂದು ಸುಳಿವು ತೋರಿಸಿದರೆ ಸಾಕು. ಯಾವ ವೈದ್ಯರು ಏನು ಮಾಡಿದರು, ಎಚ್ಚರ ವಹಿಸಿದ್ದರು ಎಂದು ತೋರಿಸುವ ಹೊಣೆ ಆಸ್ಪತ್ರೆಯದು. ವೈದ್ಯರ ಹೆಸರು ಹಿಡಿದು ಕಕ್ಷಿ ಮಾಡಿಲ್ಲ ಎಂಬ ಕಾರಣಕ್ಕೆ ದೂರು ಬೀಳಬೇಕಿಲ್ಲ. ಆ ಮೊದಲ ಸುಳಿವು ಅಂದರೆ ಎಷ್ಟು ಎನ್ನುವುದರಲ್ಲೇ ಒಂದೊಂದು ಆಯೋಗ ಒಂದೊಂದು ಅಳತೆಗೋಲು ಹಿಡಿಯುತ್ತದೆ.

ಕ್ರಿಮಿನಲ್ ಕೇಸಿನ ಮಾತು ಬೇರೆ, ಮತ್ತು ಬೇರೆಯಾಗಿಯೇ ಇರಬೇಕು. 2005ರ ಆಗಸ್ಟಿನ ಜೇಕಬ್ ಮ್ಯಾಥ್ಯೂ ತೀರ್ಪಿನ ಪ್ರಕಾರ, ಬೇರೊಬ್ಬ ಸಮರ್ಥ ವೈದ್ಯರ ವಿಶ್ವಾಸಾರ್ಹ ಅಭಿಪ್ರಾಯ ಜೊತೆಗಿಲ್ಲದೆ ಖಾಸಗಿ ಕ್ರಿಮಿನಲ್ ದೂರನ್ನು ಪರಿಗಣಿಸುವಂತಿಲ್ಲ. ಪೊಲೀಸರೂ ಮೊದಲು ಸ್ವತಂತ್ರ ಅಭಿಪ್ರಾಯ ಪಡೆಯಬೇಕು, ಅದು ಆದಷ್ಟೂ ಅದೇ ವಿಭಾಗದ ಸರ್ಕಾರಿ ವೈದ್ಯರದ್ದಾಗಿರಬೇಕು. ವೈದ್ಯರನ್ನು ಎಲ್ಲರಂತೆ ಸುಮ್ಮನೆ ಬಂಧಿಸುವಂತಿಲ್ಲ. ನಮ್ಮ ದೇಶದಲ್ಲಿ ಬಾಗಿಲಲ್ಲೇ ತಜ್ಞರ ಮಾತು ಬೇಕಾದದ್ದು ಇಲ್ಲಿ ಮಾತ್ರ. ಇದು ಯಾಕೆ ಬೇಕು ಎಂದು ಅನುಮಾನವಿದ್ದವರು ರಾಜಸ್ಥಾನದ ದೌಸಾ ಜಿಲ್ಲೆಯನ್ನು ನೆನೆಯಲಿ. 2022ರ ಮಾರ್ಚ್‌ನಲ್ಲಿ ಹೆರಿಗೆಯ ನಂತರದ ರಕ್ತಸ್ರಾವದಿಂದ ತಾಯಿಯೊಬ್ಬಳು ಸತ್ತಾಗ ಗುಂಪಿನ ಒತ್ತಡಕ್ಕೆ ಪೊಲೀಸರು ವೈದ್ಯೆಯ ಮೇಲೆ ಕೊಲೆ ಕೇಸು ದಾಖಲಿಸಿದರು. ಆ ವೈದ್ಯೆ ಪ್ರಾಣ ಕಳೆದುಕೊಂಡರು. ಹೆರಿಗೆಯ ಕೋಣೆಯಲ್ಲಿ ನಿಂತವರಿಗೆ ಜೈಲಿನ ಭಯ ಹುಟ್ಟಿಸಿದರೆ ಮುಂದಿನ ತೊಡಕಿನ ಹೆರಿಗೆಯನ್ನು ಯಾರೂ ಮುಟ್ಟುವುದಿಲ್ಲ. ನೇರ ಬಳ್ಳಾರಿಗೆ ಬರೆದು ಕೈತೊಳೆದುಕೊಳ್ಳುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನೋಂದಾಯಿತ ವೈದ್ಯರ ನಿರ್ಲಕ್ಷ್ಯದ ಸಾವಿಗೆ ಎರಡು ವರ್ಷದವರೆಗೆ ಶಿಕ್ಷೆ ಇಟ್ಟಿದೆ, ಉಳಿದವರಿಗೆ ಐದು ವರ್ಷದವರೆಗೆ.

ಹೀಗೆ ಎರಡು ದಾರಿಯ ನಿಯಮ ಬೇರೆ ಬೇರೆ ಎನ್ನುವುದು ನಮ್ಮ ಜನಕ್ಕೆ ತಿಳಿದಿಲ್ಲ. ಸಿಟ್ಟಿನಲ್ಲಿ ಮೊದಲು ಠಾಣೆಗೆ ಹೋಗುತ್ತಾರೆ. ಅಲ್ಲಿಂದ ಕಾಗದ ವೈದ್ಯರ ಸಮಿತಿಗೆ ಹೋಗುತ್ತದೆ. ಸಮಿತಿ "ಚಿಕಿತ್ಸೆಯಲ್ಲಿ ಲೋಪ ಕಂಡುಬಂದಿಲ್ಲ" ಎಂದು ಬರೆದರೆ, ಕ್ರಿಮಿನಲ್ ಕೇಸಿಗೆಂದು ಬರೆದ ಆ ಎರಡು ಸಾಲನ್ನೇ ಮುಂದೆ ಗ್ರಾಹಕ ಆಯೋಗದಲ್ಲಿ ಆಸ್ಪತ್ರೆಯವರು ಗುರಾಣಿಯಾಗಿ ಹಿಡಿಯುತ್ತಾರೆ. ಜೈಲಿಗೆ ಕಳಿಸಲು ಬೇಕಾದ ಘೋರ ನಿರ್ಲಕ್ಷ್ಯ ಒಂದು, ಪರಿಹಾರ ಕೊಡಿಸಲು ಸಾಕಾಗುವ ಎಚ್ಚರಗೇಡಿತನ ಇನ್ನೊಂದು. ಸಮಿತಿಯ ಕಾಗದದಲ್ಲಿ ಆ ವ್ಯತ್ಯಾಸ ಇರಬೇಕು.

ಸಮಿತಿಯಲ್ಲಿ ಇರುವವರು ಯಾರು ಎನ್ನುವುದನ್ನೂ ನೋಡಬೇಕು. 1961ರಲ್ಲಿ ಶುರುವಾದ ಬಳ್ಳಾರಿಯ ಮೆಡಿಕಲ್ ಕಾಲೇಜು, ಜನ ವಿಮ್ಸ್ ಎಂದು ಕರೆಯುತ್ತ ಬಂದದ್ದು, ಈ ಭಾಗಕ್ಕೆಲ್ಲ ತಾಯಿಬೇರು. ಹೊಸಪೇಟೆ, ಸಂಡೂರು, ಕಂಪ್ಲಿಗಳ ಎಷ್ಟೋ ವೈದ್ಯರು ಅಲ್ಲೇ ಓದಿದವರು; ಅಲ್ಲಿನ ಪ್ರಾಧ್ಯಾಪಕರು ಅವರ ಗುರುಗಳು, ಸಹಪಾಠಿಗಳು, ಸಂಘದ ಸಭೆಯಲ್ಲಿ ಪಕ್ಕ ಕೂರುವವರು, ರೋಗಿಗಳನ್ನು ಒಬ್ಬರಿಗೊಬ್ಬರು ಕಳಿಸಿಕೊಡುವವರು. ಅವರು ಬೇಕೆಂದೇ ಸುಳ್ಳು ಬರೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ನಾಳೆ ಮುಖ ನೋಡಬೇಕಾದವರ ವಿರುದ್ಧ ಪ್ರಮಾಣ ಮಾಡಿ ಬರೆಯುವುದು ಯಾವ ವೃತ್ತಿಯಲ್ಲೂ ಸುಲಭವಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ನಕ್ಷೆಯ ಗೆರೆ ಬದಲಾದರೂ ವೈದ್ಯರ ಬಳಗ ಒಂದೇ. ಹಾಗಾಗಿ ಇಲ್ಲಿನ ಪ್ರಕರಣದ ಅಭಿಪ್ರಾಯ ಹುಬ್ಬಳ್ಳಿಯಿಂದಲೋ ಮೈಸೂರಿನಿಂದಲೋ ಬರಬೇಕು, ಅಲ್ಲಿನದು ಇಲ್ಲಿಂದ ಹೋಗಬೇಕು. ರೋಗಿಯ ಮತ್ತು ವೈದ್ಯರ ಹೆಸರು ಮುಚ್ಚಿ ಕೇಸ್ ಶೀಟ್ ಮಾತ್ರ ಕಳಿಸಬೇಕು. ಶುಲ್ಕ ಆಯೋಗದ ಮೂಲಕ ಸಂದಾಯವಾಗಬೇಕು. ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ ಎಂದು ನನಗನಿಸುತ್ತದೆ. ತಜ್ಞರು ಬೇಕೋ ಎಂದು ತೀರ್ಮಾನಿಸುವ ಅಧಿಕಾರ ಆಯೋಗಕ್ಕೆ ಇದೆ ಎಂದು ಕಿಷನ್ ರಾವ್ ತೀರ್ಪು ಹೇಳಿದ ಮೇಲೆ, ಅವರನ್ನು ಕರೆಸುವ ಹೊಣೆಯನ್ನೂ ಅದೇ ಹೊರಬಹುದು.

ಸ್ವಂತ ಶಕ್ತಿಯಿಂದ ಈ ಗೋಡೆ ಹಾರಿದವರೂ ಇದ್ದಾರೆ. ಹೈದರಾಬಾದಿನ ನಿಜಾಮ್ಸ್ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವ ಎಂಜಿನಿಯರ್ ಒಬ್ಬರು, ಮುಂದೆ ಬೆಂಗಳೂರಿನಲ್ಲಿ ಕೆಲಸ ಮಾಡುತ್ತ, ಗಾಲಿಕುರ್ಚಿಯಲ್ಲಿ ಕೂತು ಸುಪ್ರೀಂ ಕೋರ್ಟಿನಲ್ಲಿ ತಾವೇ ವಾದಿಸಿ 2009ರಲ್ಲಿ 1 ಕೋಟಿ ರೂಪಾಯಿ ಪರಿಹಾರ ಪಡೆದರು. ಕೋಲ್ಕತ್ತದಲ್ಲಿ ನಡೆದ ಚಿಕಿತ್ಸೆಯ ಎಡವಟ್ಟಿನಿಂದ 1998ರಲ್ಲಿ ಹೆಂಡತಿಯನ್ನು ಕಳೆದುಕೊಂಡ ಡಾ. ಕುನಾಲ್ ಸಾಹಾ ಅಮೆರಿಕದಲ್ಲಿದ್ದ ವೈದ್ಯರು. ವಿದೇಶದ ತಜ್ಞರ ಅಭಿಪ್ರಾಯ ತರಲು ಶಕ್ತರಾದವರು. ಅವರ ಹೋರಾಟ 2013ರಲ್ಲಿ ಸುಮಾರು 6 ಕೋಟಿ ರೂಪಾಯಿ ಮತ್ತು ಬಡ್ಡಿಯ ತೀರ್ಪಿನೊಂದಿಗೆ ಮುಗಿಯಿತು. ಹದಿನೈದು ವರ್ಷ, ಅದೂ ಸ್ವತಃ ವೈದ್ಯರಾದವರಿಗೆ. ಗಣಿಯ ಲಾರಿಗೆ ಕ್ಲೀನರ್ ಆಗಿರುವವನಿಗೆ, ಹಂಪಿಯ ಬಜಾರಿನಲ್ಲಿ ಎಳನೀರು ಮಾರುವವಳಿಗೆ ಎಷ್ಟು ವರ್ಷ?

ಅಂಥವರಿಗೆ ಕಾನೂನು ಕೊಟ್ಟಿರುವ ಕೆಲವು ಹಿಡಿಗಳಿವೆ. ಅವನ್ನು ಹೇಳದೆ ಹೋದರೆ ಈ ಸಮೀಕ್ಷೆ ಅರ್ಧಕ್ಕೆ ನಿಂತಂತೆ. 2019ರ ಕಾಯ್ದೆಯಡಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಪಡೆದವರು ಕೇಸಿಗಾಗಿ ಮತ್ತೆ ಅದೇ ರೈಲು ಹತ್ತಬೇಕಿಲ್ಲ. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಹಾಕಬೇಕು. ಉದ್ಯೋಗದಾತರೋ ವಿಮೆಯೋ ಖರ್ಚು ಭರಿಸಿದರೂ ಅದು ಸೇವೆಯೇ ಎಂದು ಶಾಂತಾ ತೀರ್ಪು ಹೇಳಿದೆ. ಇಎಸ್‌ಐ ಆಸ್ಪತ್ರೆಗಳೂ ಇದರೊಳಗೇ ಬರುತ್ತವೆ ಎಂದು 2007ರ ಕಿಶೋರ್ ಲಾಲ್ ತೀರ್ಪು. ದೋಣಿಮಲೈ, ತೋರಣಗಲ್ಲು ಕಡೆಯ ಕಾರ್ಮಿಕರು ಇದನ್ನು ನೆನಪಿಡಬೇಕು. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಗ್ರಾಹಕ ಕಾಯ್ದೆಯ ಹೊರಗೆ. ಅಲ್ಲಿಗೆ ಸಿವಿಲ್ ದಾವೆಯ ದಾರಿ. ಆ ದಾರಿ ಎಷ್ಟು ಉದ್ದ ಎನ್ನಲು ಔರಂಗಾಬಾದಿನ ಪ್ರಕರಣವೊಂದು ಸಾಕು: 1963ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯ ಹೊಟ್ಟೆಯೊಳಗೆ ಟವೆಲು ಬಿಟ್ಟು ಹೊಲಿದರು, ಆಕೆ ಸತ್ತಳು, ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1996ರಲ್ಲಿ. ಟವೆಲಿಗೆ ತಜ್ಞರು ಬೇಕಿರಲಿಲ್ಲ. ಕಾಯಲು ಮೂವತ್ಮೂರು ವರ್ಷ ಬೇಕಾಯಿತು.

ಎಲ್ಲಕ್ಕಿಂತ ಗಟ್ಟಿಯಾದ ಹಿಡಿ ಕೇಸ್ ಶೀಟ್. 2002ರ ವೈದ್ಯಕೀಯ ವೃತ್ತಿ ನಡಾವಳಿ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿಯೋ ಅಧಿಕೃತ ಸಂಬಂಧಿಯೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಇದು ಡಿಸ್ಚಾರ್ಜ್ ಸಮ್ಮರಿ ಅಲ್ಲ. ನರ್ಸ್ ಗಂಟೆಗಂಟೆಗೆ ಬರೆದ ಚಾರ್ಟು, ಅರಿವಳಿಕೆಯ ಟಿಪ್ಪಣಿ, ಔಷಧ ಕೊಟ್ಟ ವೇಳೆ, ಒಪ್ಪಿಗೆ ಪತ್ರ ಎಲ್ಲ ಸೇರಿದ ಕಡತ. ತಜ್ಞರು ಓದುವುದು ಇದನ್ನೇ. ಇದಿಲ್ಲದೆ ಯಾವ ತಜ್ಞರೂ ಏನೂ ಬರೆಯಲಾರರು. ಕಿಷನ್ ರಾವ್ ಗೆದ್ದದ್ದು ಎರಡನೆಯ ಆಸ್ಪತ್ರೆಯ ಒಂದು ರಕ್ತಪರೀಕ್ಷೆಯ ಬಲದ ಮೇಲೆ ಎನ್ನುವುದನ್ನು ಮರೆಯಬಾರದು. ನಂತರ ಚಿಕಿತ್ಸೆ ಕೊಟ್ಟವರು ಬರೆದಿಟ್ಟದ್ದೇ ಎಷ್ಟೋ ಸಲ ಯಾರೂ ಬರೆದು ಕೊಡದ ಅಭಿಪ್ರಾಯ. ಅದರ ಜೊತೆಗೆ ಇನ್ನೊಂದು ಕಷ್ಟದ ಮಾತು: ಮರಣೋತ್ತರ ಪರೀಕ್ಷೆ. ಸತ್ತವರನ್ನು ಮತ್ತೆ ಕುಯ್ಯುವುದು ಬೇಡ ಎಂದು ನಮ್ಮ ಜನ ಕೈಮುಗಿಯುತ್ತಾರೆ. ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಅದಿಲ್ಲದೆ ಸಾವಿನ ಕಾರಣವೇ ಊಹೆಯಾಗಿ ಉಳಿಯುತ್ತದೆ, ಮತ್ತು ಊಹೆಯ ಲಾಭ ಸಿಗುವುದು ಆಸ್ಪತ್ರೆಗೆ.

ಈ ಭಾಗದ ಈಚಿನ ದೊಡ್ಡ ದುರಂತಕ್ಕೆ ಬರುತ್ತೇನೆ. 2024ರ ನವೆಂಬರ್ 9ರಿಂದ 11ರವರೆಗೆ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ 34 ಸಿಸೇರಿಯನ್ ಹೆರಿಗೆಗಳಾದವು. ಏಳು ಬಾಣಂತಿಯರಿಗೆ ಮೂತ್ರಪಿಂಡ ಕೈಕೊಟ್ಟಿತು, ಒಂದರ ಹಿಂದೆ ಒಂದು ಅಂಗ ಸೋತಿತು. ಡಿಸೆಂಬರಿನ ಮೊದಲ ವಾರದೊಳಗೆ ಐವರು ತಾಯಂದಿರು ತೀರಿಕೊಂಡರು. ಸರ್ಕಾರ ತಜ್ಞ ವೈದ್ಯರ ತಂಡ ಕಳಿಸಿತು. ಅನುಮಾನ ಬಿದ್ದದ್ದು ಸರ್ಜನ್ನರ ಕೈಯ ಮೇಲಲ್ಲ, ರಕ್ತನಾಳಕ್ಕೆ ಹನಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಪಶ್ಚಿಮ ಬಂಗಾಳದ ಕಂಪನಿಯ ಆ ದ್ರಾವಣದ ಬಳಕೆ ನಿಂತಿತು. ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಲಾಯಿತು.

ಆಗ ಹೊರಬಿದ್ದ ಒಂದು ಸಂಗತಿ ನಮ್ಮ ಪ್ರಶ್ನೆಯ ಹೊಟ್ಟೆಯನ್ನೇ ಬಗೆದು ತೋರಿಸುತ್ತದೆ. ಅದೇ ಕಂಪನಿಯ ಕೆಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಗುಣಮಟ್ಟವಿಲ್ಲದವು ಎಂದಿತ್ತು. ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಸರಿಯಾಗಿವೆ ಎಂದಿತ್ತು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಪ್ರಕಾರ ಕೇಂದ್ರ ಪ್ರಯೋಗಾಲಯದ ನಿರ್ದೇಶಕರು ಸಹಿ ಮಾಡಿದ ವರದಿ ಅಂತಿಮ ಸಾಕ್ಷ್ಯ. ಅದರ ಮೇಲೆ ಮಾತಿಲ್ಲ. ಇಬ್ಬರು ತಜ್ಞರು ಎರಡು ಮಾತು ಹೇಳಿದಾಗ ಯಾರ ಮಾತು ಮೇಲು ಎಂದು ಕಾನೂನು ಮೊದಲೇ ಬರೆದಿಟ್ಟಿತ್ತು. ಬರೆದು ಸಹಿ ಹಾಕಿ ಕೊಟ್ಟದ್ದೂ ತಪ್ಪಬಹುದು, ಪ್ರಶ್ನಿಸಲು ಎಡೆಯಿಲ್ಲದ ಸಹಿ ಇನ್ನೂ ಅಪಾಯ ಎಂದು ನಾನು ಅದರಿಂದ ತಿಳಿದುಕೊಂಡೆ. ಆಯೋಗ ತರಿಸುವ ಅಭಿಪ್ರಾಯಕ್ಕೂ ಇದು ಅನ್ವಯಿಸಬೇಕು. ತಜ್ಞರು ಕಾರಣ ಬರೆಯಬೇಕು, ಯಾವ ಚಿಕಿತ್ಸಾ ಕೈಪಿಡಿ ಆಧಾರ ಎಂದು ಹೇಳಬೇಕು, ದೂರುದಾರರಿಗೆ ಅವರನ್ನು ಪ್ರಶ್ನೆ ಕೇಳುವ ಅವಕಾಶ ಇರಬೇಕು. "ಲೋಪ ಕಂಡುಬಂದಿಲ್ಲ" ಎಂಬ ಎರಡು ಪದದ ವರದಿ ಅಭಿಪ್ರಾಯವೇ ಅಲ್ಲ.

ಬಳ್ಳಾರಿಯ ಆ ಐದು ಮನೆಗಳ ಪೈಕಿ ಯಾರೂ ತಜ್ಞರನ್ನು ಹುಡುಕಿಕೊಂಡು ಬೀದಿ ಬೀದಿ ಅಲೆಯಬೇಕಾಗಲಿಲ್ಲ. ಒಂದೇ ಆಸ್ಪತ್ರೆಯಲ್ಲಿ ಒಂದರ ಹಿಂದೆ ಒಂದು ಸಾವಾದದ್ದರಿಂದ ಬೆಂಗಳೂರೇ ಎದ್ದು ಬಂತು, ಪತ್ರಿಕೆಗಳು ಬರೆದವು, ವಿಧಾನಮಂಡಲದಲ್ಲಿ ಮಾತಾಯಿತು. ಇದೇ ಕಾಯಿಲೆ, ಇದೇ ಅನುಮಾನ, ಕಂಪ್ಲಿಯ ಒಂದು ಹದಿನೈದು ಹಾಸಿಗೆಯ ನರ್ಸಿಂಗ್ ಹೋಮಿನಲ್ಲಿ ಒಬ್ಬಳೇ ಬಾಣಂತಿಗೆ ಬಂದಿದ್ದರೆ? ಬಾಟಲಿ ಅದೇ ದಿನ ಕಸಕ್ಕೆ ಹೋಗುತ್ತಿತ್ತು. ಬ್ಯಾಚ್ ಸಂಖ್ಯೆ ಯಾರಿಗೂ ನೆನಪಿರುತ್ತಿರಲಿಲ್ಲ. ಖಾಸಗಿ ಆಸ್ಪತ್ರೆಗಳ ಮೇಲೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. ವೈದ್ಯರ ಮುಷ್ಕರದ ನಡುವೆ 2017ರಲ್ಲಿ ತಿದ್ದುಪಡಿಯಾಗಿ ರೋಗಿಗಳ ಹಕ್ಕಿನ ಸನ್ನದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರ ಬಂದಿವೆ. ಆ ಪ್ರಾಧಿಕಾರ ಒಂಟಿ ಸಾವನ್ನೂ ಐದು ಸಾವಿನಂತೆ ನೋಡಿ, ಅರ್ಜಿ ಬಂದ ದಿನವೇ ಕಡತವನ್ನು ಮೊಹರು ಮಾಡಿ, ಬೇರೆ ಜಿಲ್ಲೆಯ ವೈದ್ಯರಿಗೆ ಕಳಿಸಿದರೆ ಅರ್ಧ ಕೇಸುಗಳು ಕೋರ್ಟಿಗೇ ಹೋಗಲಾರವು. ತಪ್ಪಿಲ್ಲದ ವೈದ್ಯರು ಕೂಡ ಬೇಗ ಬಿಡುಗಡೆಯಾಗುತ್ತಾರೆ, ಅವರಿಗೂ ಅದು ಬೇಕು.

ಅಲ್ಲಿಯವರೆಗೆ ಪ್ಲಾಸ್ಟಿಕ್ ಚೀಲ ಹಿಡಿದು ಬಂದವರಿಗೆ ನಾನು ಹೇಳುವುದು ಇಷ್ಟು. ಗುರುತಿನ ಡಾಕ್ಟರ ಬಳಿ ಹೋಗುವ ಮೊದಲು ಆಸ್ಪತ್ರೆಗೆ ಹೋಗಿ, ಕನ್ನಡದಲ್ಲೇ ಒಂದು ಅರ್ಜಿ ಬರೆದು, ಪೂರ್ತಿ ಕೇಸ್ ಶೀಟಿನ ನಕಲು ಬೇಕೆಂದು ಕೇಳಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕರಿಸಿದ ಸಹಿ, ತಾರೀಖು, ವೇಳೆ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅಂದೇ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. 72 ಗಂಟೆ ಎಣಿಸುವುದು ಆ ವೇಳೆಯಿಂದ.